ಕಾಯಿ ಕಚ್ಚದ ವರ್ಷ

ಗುಂಯ್ ಎನ್ನುವ ಒಂದು ಸದ್ದು. ಜೋರೂ ಅಲ್ಲ, ಮೆಲ್ಲಗೂ ಅಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ತಂಬೂರಿ ಮೀಟಿ, ಹಾಡುವುದನ್ನು ಮರೆತು ಕೂತ ಹಾಗೆ. ನಮ್ಮ ಬೀದಿಯ ಹೊಂಗೆ ಮರಗಳು ಹೂ ಬಿಟ್ಟಾಗ ಬೆಳಗಿನ ಹೊತ್ತು ಆ ಸದ್ದು ಇರುತ್ತಿತ್ತು. ಇದ್ದಾಗ ನಾನು ಅದನ್ನು ಕೇಳಿಸಿಕೊಂಡವಳೇ ಅಲ್ಲ. ಈಗ ಅದಕ್ಕಾಗಿ ಕಿವಿ ಅಲೆಯುತ್ತದೆ. ಫ್ರಿಜ್ಜಿನ ಸದ್ದು ಕೊಂಚ ಬದಲಾದರೆ ಎದ್ದು ಕಿಟಕಿಗೆ ಹೋಗುತ್ತೇನೆ. ಎದುರು ಮನೆಯ ಮಿಕ್ಸಿ ನಿಂತ ಮೇಲೂ ಒಂದು ನಿಮಿಷ ಕಾಯುತ್ತೇನೆ, ಅದರ ಹಿಂದೆ ಇನ್ನೇನಾದರೂ ಉಳಿದಿದೆಯೇ ಎಂದು. ಮೊನ್ನೆ ವಾಕಿಂಗಿಗೆ ಹೋದವಳು ಮೂಲೆಯ ಟ್ರಾನ್ಸ್‌ಫಾರ್ಮರ್ ಕೆಳಗೆ ತಲೆಯೆತ್ತಿ ನಿಂತುಬಿಟ್ಟಿದ್ದೆ. ಹೂ ಕಟ್ಟುವಾಕೆ ನೋಡಿ, “ಏನ್ ಆಂಟಿ, ನಿಮ್ ಮನೇಲೂ ಕರೆಂಟ್ ಹೋಯ್ತಾ?” ಅಂದಳು. “ಇಲ್ಲಮ್ಮ, ಜಸ್ಟ್ ಲಿಸನಿಂಗ್” ಅಂದೆ. ಪಾಪ, ಅವಳೂ ಒಂದು ಸಲ ಮೇಲೆ ನೋಡಿ ಮತ್ತೆ ಹೂ ಕಟ್ಟತೊಡಗಿದಳು.

ನಾನಿರುವುದು ಜೆ.ಪಿ. ನಗರದಲ್ಲಿ, ಸಾರಕ್ಕಿ ಸಿಗ್ನಲ್ಲಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಮದುವೆಯಾಗಲಿಲ್ಲ. ಒಂದು ಕಂಪನಿಯಲ್ಲಿ ಸಾಹೇಬರ ಸೆಕ್ರೆಟರಿಯಾಗಿ ಜೀವಮಾನವಿಡೀ ಬೇರೆಯವರ ಹೆಸರಿನಲ್ಲಿ ಕಾಗದ ಬರೆದೆ. ಇಂಗ್ಲಿಷ್ ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ಲೆಟರ್ ರೈಟಿಂಗ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು ಸ್ಕೇಲಿನಿಂದ ಡೆಸ್ಕು ಕುಟ್ಟಿ ಹೇಳುತ್ತಿದ್ದರು: “ಗರ್ಲ್ಸ್, ನಿಮ್ಮ ಕಾಗದ ಓದಿದವನು ಕುರ್ಚಿ ಬಿಟ್ಟು ಏಳಬೇಕು.” ಆ ಮಾತನ್ನು ನಾನು ಬೈಬಲ್ಲಿನ ಹಾಗೆ, ಗೀತೆಯ ಹಾಗೆ ನಂಬಿದೆ. ನನ್ನ ಕಾಗದಗಳಿಗೆ ಎಷ್ಟೋ ಜನ ಎದ್ದಿದ್ದಾರೆ. ಅದು ನನ್ನ ಹೆಮ್ಮೆಯಾಗಿತ್ತು.

ಲಾಕ್‌ಡೌನುಗಳೆಲ್ಲ ಮುಗಿದು ಜನ ಮಾಸ್ಕುಗಳನ್ನು ಬಿಸಾಡಿದ್ದ ವರ್ಷದ ಮಾತಿದು. ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಬಾಲ್ಕನಿಯ ಮೇಲಿನ ಸಜ್ಜಾದಿಂದ ಕಪ್ಪು ಕಂಬಳಿ ಇಳಿಬಿಟ್ಟ ಹಾಗೆ ಹೆಜ್ಜೇನು! ಹದ್ದೊಂದು ಹತ್ತಿರ ಸುಳಿದರೆ ಸಾಕು, ಆ ಕಂಬಳಿಯ ಮೇಲೆ ಒಂದು ಅಲೆ ಓಡುತ್ತಿತ್ತು, ಯಾರೋ ಸೆರಗು ಕೊಡವಿದ ಹಾಗೆ. ಸಂಜೆ ಲೈಟು ಹಾಕಿದರೆ ಏಳೆಂಟು ಒಳಗೆ ಬಂದು ಟ್ಯೂಬ್‌ಲೈಟಿಗೆ ಸುತ್ತಿ ಸುತ್ತಿ ನೆಲಕ್ಕೆ ಬೀಳುತ್ತಿದ್ದವು. ಒಂದನ್ನು ತುಳಿದು ನನ್ನ ಪಾದ ಎರಡು ದಿನ ಬನ್ನಿನಂತೆ ಊದಿತು. ಕೆಳಗಿನ ಫ್ಲ್ಯಾಟಿನ ಮಗುವಿಗೂ ಕಿವಿಗೆ ಕಚ್ಚಿತು.

ಅಸೋಸಿಯೇಷನ್ ಮೀಟಿಂಗ್ ಸೇರಿತು. ಬ್ಯಾಂಕಿನಿಂದ ರಿಟೈರಾದ ಒಬ್ಬರು, “ಬಿಟ್ಬಿಡಿ, ಸೀಸನ್ ಮುಗಿದ್ರೆ ಅವೇ ಹೋಗ್ತವೆ” ಅಂದರು. ಇನ್ನು ಕೆಲವರು ಹಾಗೆ ಬಿಡಲೇಬಾರದು ಅಂದರು. ಸೆಕ್ರೆಟರಿ ಪ್ರಸಾದ್, ನಮ್ಮ ಮೇಲಿನ ಮನೆಯವನು, ನನ್ನ ಕಡೆ ತಿರುಗಿದ. “ಆಂಟಿ, ಔಷಧಿ ಹೊಡೆಯೋರಿಗೆ ನೀವೊಂದು ಲೆಟರ್ ಡ್ರಾಫ್ಟ್ ಮಾಡಿ. ಎಲ್ರ ಸೈನ್ ಹಾಕ್ಸೋಣ. ನಿಮ್ ಇಂಗ್ಲಿಷ್ ಸಖತ್ತಾಗಿರತ್ತೆ.”

ಆ ರಾತ್ರಿ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬರೆದೆ. ‘ಗ್ರೇವ್ ಮೆನೆಸ್’, ಘೋರ ಪೀಡೆ, ಅಂತ ಹಾಕಿದೆ. ‘ಸೀನಿಯರ್ ಸಿಟಿಜನ್ಸ್ ಅಂಡ್ ಇನೊಸೆಂಟ್ ಚಿಲ್ಡ್ರನ್’ ಅಂತ ಹಾಕಿದೆ. ಎಲ್ಲೆಲ್ಲಿ ಹೊಡೆಯಬೇಕೆನ್ನುವ ಕೊನೆಯ ವಾಕ್ಯದಲ್ಲಿ ‘ದಿ ಬಿಲ್ಡಿಂಗ್’ ಅನ್ನುವಲ್ಲಿಗೆ ನಿಲ್ಲಿಸಿದ್ದೆ. ಓದಿ ನೋಡಿದರೆ ವಾಕ್ಯ ಕುಂಟುತ್ತಿತ್ತು. ಕಿವಿಗೆ ಚೆನ್ನಾಗಿರಲೆಂದು ಇನ್ನೊಂದು ಸೇರಿಸಿದೆ: ‘ಅಂಡ್ ಆಲ್ ಸರೌಂಡಿಂಗ್ ವೆಜಿಟೇಶನ್’, ಸುತ್ತಲಿನ ಗಿಡಬಳ್ಳಿಗೆಲ್ಲ ಅಂತ. ಈಗ ವಾಕ್ಯ ನೆಟ್ಟಗೆ ನಿಂತಿತು. ಮಾರನೆಯ ದಿನ ಎಲ್ಲರೂ ಸೈನು ಹಾಕಿದರು, ಬ್ಯಾಂಕಿನವರೂ ಹಾಕಿದರು. ಕಾಂಟ್ರಾಕ್ಟಿಗೆ ಬಂದವರಿಗೆ ಪ್ರಸಾದ್ ಅದನ್ನೇ ವರ್ಕ್ ಆರ್ಡರಿನ ಜೊತೆಗೆ ಪಿನ್ ಮಾಡಿ ಕೊಟ್ಟ.

ಅವರು ಬಂದು ಸಜ್ಜಾಕ್ಕೆ ಔಷಧಿ ಹೊಡೆದರು. ಆಮೇಲೆ ಕಾಗದದಲ್ಲಿದ್ದ ಹಾಗೆ ಹೊಂಗೆ ಮರಗಳಿಗೆ, ಬೇಲಿಯ ದಾಸವಾಳಕ್ಕೆ, ಕಾಂಪೌಂಡಿನ ಆಚೆ ಖಾಲಿ ಸೈಟಿನಿಂದ ನಮ್ಮ ಗೋಡೆಗೆ ಹಬ್ಬಿದ್ದ ಬಳ್ಳಿಗಳಿಗೂ ಹೊಡೆದರು. ಬೆಳಿಗ್ಗೆ ಡ್ರೈವ್‌ವೇ ತುಂಬ ಜೇನು. ಗುಡಿಸುವವಳು ಮೊರದಲ್ಲಿ ತುಂಬಿಕೊಂಡು ಹೋದಳು, ಹುರಿಗಡಲೆ ಹಾಗೆ. ನಾನು ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿದೆ. ಮನಸ್ಸಿಗೆ ಏನೂ ಅನ್ನಿಸಲಿಲ್ಲ ಅಂತ ಬರೆಯಲು ನಾಚಿಕೆಯಾಗುತ್ತದೆ. ಅನ್ನಿಸಿದ್ದೇನೆಂದರೆ, ಸಿಸ್ಟರ್ ಇದ್ದಿದ್ದರೆ ಮೆಚ್ಚುತ್ತಿದ್ದರು ಎಂದು.

ಆ ಖಾಲಿ ಸೈಟು ಗೌಡರದು. ಸಾರಕ್ಕಿ ಹಳ್ಳಿಯಾಗಿದ್ದಾಗ ಅವರ ತಾತ ಉತ್ತ ಹೊಲ. ಲೇಔಟು ಬಂದು ಎಲ್ಲ ಹೋಗಿ, ಉಳಿದದ್ದು ಅದೊಂದು ತುಂಡು. ಕಾವಲಿಗೆ ಮುನಿಯಮ್ಮ ಎಂಬಾಕೆ ತಗಡಿನ ಶೆಡ್ಡು ಹಾಕಿಕೊಂಡಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು, ಆದರೂ ನಾನು ಅವಳನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವಳು ನನ್ನನ್ನು ಅಮ್ಮಾ ಅನ್ನುತ್ತಿದ್ದಳು. ಸೊಪ್ಪು ಬೆಳೆದು ಗೋಡೆಯ ಮೇಲಿಂದಲೇ ನಮಗೆಲ್ಲ ಮಾರುತ್ತಿದ್ದಳು. ಮಳೆಗಾಲದಲ್ಲಿ ಶೆಡ್ಡಿನ ಮೇಲೆ ಬೂದುಗುಂಬಳದ ಬಳ್ಳಿ ಹಬ್ಬಿಸುತ್ತಿದ್ದಳು. ಅದು ಮಾರುವುದಕ್ಕಲ್ಲ. ಆಯುಧ ಪೂಜೆಯ ದಿನ ಗೌಡರ ವರ್ಕ್‌ಶಾಪಿನ ಬಾಗಿಲಲ್ಲಿ ಒಡೆಯುವ ಕಾಯಿ ಈ ಮಣ್ಣಿನದೇ ಆಗಬೇಕೆಂದು ಅವರ ತಾತ ಹೇಳಿಹೋಗಿದ್ದರಂತೆ. ಗೌಡರ ಮಕ್ಕಳಿಗೆ ಸೈಟನ್ನು ಕಾರ್ ಪಾರ್ಕಿಂಗಿಗೆ ಕೊಡಬೇಕೆಂದು ಬಹಳ ದಿನದಿಂದ ಆಸೆ. ಗೌಡರದು ಒಂದೇ ಮಾತು: “ಇಲ್ಲಿ ಕುಂಬಳಕಾಯಿ ಆಗೋವರ್ಗೂ ಮುನಿಯಮ್ಮ ಇರ್ತಾಳೆ. ಆಗ್ದೇ ಇದ್ ವರ್ಷ ನಿಮ್ ಇಷ್ಟ ಕಣ್ರಪ್ಪ.” ಇದನ್ನು ಮುನಿಯಮ್ಮ ನಗುತ್ತಾ ಹೇಳಿದ್ದಳು. ಬೂದುಗುಂಬಳ ಆಗದೇ ಇರುವ ವರ್ಷ ಅಂತ ಒಂದಿರುತ್ತದೆ ಎಂದು ಅವಳೂ ಎಣಿಸಿರಲಿಲ್ಲ, ಗೌಡರೂ ಎಣಿಸಿರಲಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಜಿನುಗು ಮಳೆ. ನಾನು ಗೋಡೆಯ ಹತ್ತಿರ ದಂಟಿನ ಸೊಪ್ಪಿಗೆ ನಿಂತಿದ್ದೆ. ಮುನಿಯಮ್ಮ ಸೊಪ್ಪು ಕೊಡದೆ ಬಳ್ಳಿಯ ಕಡೆಗೇ ನೋಡುತ್ತಾ, “ಅಮ್ಮಾ, ಈ ವರ್ಷ ಕಚ್ತಾನೇ ಇಲ್ಲ ನೋಡಿ” ಅಂದಳು.

“ಇನ್ನೆಲ್ಲಿ ಕಚ್ಚುತ್ತೆ? ಎಲ್ಲ ಕ್ಲೀನ್ ಮಾಡಿಸಿಬಿಟ್ವಲ್ಲ!” ಅಂದೆ, ಬಹಳ ಠೀವಿಯಿಂದ.

ಅವಳು ನನ್ನ ಮುಖ ನೋಡಿದಳು. “ಏನ್ ಕ್ಲೀನು?”

“ಜೇನು. ನಿಂಗೂ ಕಚ್ಚಿತ್ತಾ?”

“ಜೇನಲ್ಲಮ್ಮಾ. ಕಾಯಿ. ಕಾಯಿ ಕಚ್ತಾ ಇಲ್ಲ.” ಕೈಯಲ್ಲಿದ್ದದ್ದನ್ನು ತೋರಿಸಿದಳು. ಹೆಬ್ಬೆರಳಿನಷ್ಟು ಉದ್ದದ ಹೀಚು, ಹಳದಿಗೆ ತಿರುಗಿ ಮೆತ್ತಗಾಗಿತ್ತು, ತುದಿಯಲ್ಲಿ ಒಣಗಿದ ಹೂ. “ಹೂವೇನೋ ಬಿಡ್ತೈತೆ. ಎರಡ್ ದಿನಕ್ಕೆ ಹಿಂಗೆ ಉದುರೋಯ್ತದೆ. ಇಲ್ಲೀವರ್ಗೂ ಒಂದೂ ನಿಂತಿಲ್ಲ.” ಆಮೇಲೆ ಹೀಚನ್ನು ಗೋಡೆಯ ಮೇಲಿಟ್ಟು ತನಗೆ ತಾನೇ ಹೇಳಿಕೊಳ್ಳುವಂತೆ, “ಅದು ಕಚ್ಚೋದ್ ಬಿಡ್ತು. ಇದೂ ಕಚ್ಚೋದ್ ಬಿಡ್ತು” ಅಂದಳು.

ನಾನು ಸೊಪ್ಪು ತೆಗೆದುಕೊಂಡು ಮೇಲೆ ಬಂದೆ. ಸೋಸಲು ಕೂತೆ, ಆಗಲಿಲ್ಲ. ಎದ್ದೆ. ಮನೆಯೊಳಗೆ ಅಲ್ಲಿಂದಿಲ್ಲಿಗೆ ನಡೆದೆ. ಕಾನ್ವೆಂಟಿನಲ್ಲಿ ಪಾಲಿನೇಶನ್ ಡಯಾಗ್ರಮ್ಮಿಗೆ ನನಗೆ ಫುಲ್ ಮಾರ್ಕ್ಸ್ ಬಂದಿತ್ತು, ಬಣ್ಣದ ಪೆನ್ಸಿಲಿನಲ್ಲಿ ಹೂವಿನ ಮೇಲೆ ಒಂದು ಬೀ ಕೂಡ ಬರೆದಿದ್ದೆ. ಪುಸ್ತಕದಲ್ಲಿ ಅದು ಬೀ, ನನ್ನ ಬಾಲ್ಕನಿಯಲ್ಲಿ ಅದು ಮೆನೆಸ್. ಒಂದೇ ಪ್ರಾಣಿ ಎಂದು ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು, ಅದೂ ಸೊಪ್ಪು ಮಾರುವವಳ ಬಾಯಿಂದ.

ಆ ದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಲ್ಕನಿಗೆ ಹೋಗುವುದು, ಹೊಂಗೆ ಮರ ನೋಡುವುದು, ಒಳಗೆ ಬರುವುದು. ಮೊದಲೆಲ್ಲ ಎದುರಿನ ಕೇಬಲ್ ತಂತಿಯ ಮೇಲೆ ಹಸಿರು ಹಕ್ಕಿಯೆರಡು ಕೂರುತ್ತಿದ್ದವು. ಹಾರಿಹೋಗಿ ಗಾಳಿಯಲ್ಲೇ ಜೇನು ಹಿಡಿದು ತಂದು ತಂತಿಗೆ ಬಡಿದು ಬಡಿದು ನುಂಗುತ್ತಿದ್ದವು. ಕಳ್ಳಿಪೀರ ಅಂತ ಹೆಸರಂತೆ. ಅವೂ ಕಾಣಲಿಲ್ಲ. ತಿನ್ನಿಸಿಕೊಳ್ಳುವವರ ಜೊತೆಗೆ ತಿನ್ನುವವರೂ ಹೋಗಿದ್ದರು. ತಂತಿ ಮಾತ್ರ ಇತ್ತು.

ಅಕ್ಕನ ಮಗಳಿಗೆ ಫೋನು ಮಾಡಿದೆ. ಅವಳು ಯಾವುದೋ ವಿಡಿಯೋ ಕಳಿಸಿದಳು: ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಕೈಯಾರೆ ಮುಟ್ಟಿಸಿದರೆ ಆಯಿತಂತೆ. ಗ್ರೀಟಿಂಗ್ ಕಾರ್ಡಿಗೆ ಬಣ್ಣ ಹಾಕುತ್ತಿದ್ದ ನನ್ನ ಹಳೆಯ ಬ್ರಶ್ಶು ಹುಡುಕಿದೆ. ಮೊದಲ ದಿನ ಹೋದಾಗ ಎಂಟೂವರೆ. ಹೂಗಳೆಲ್ಲ ಆಗಲೇ ಮುದುಡಿದ್ದವು. ಮಾರನೆಯ ದಿನದಿಂದ ಆರು ಗಂಟೆಗೇ ಸೈಟಿನಲ್ಲಿ ಹಾಜರು, ಸ್ವೆಟರು, ಛತ್ರಿ, ಬ್ರಶ್ಶು.

“ಏನಮ್ಮಾ ಇದು, ಶೆಡ್ಗೆ ಬಣ್ಣ ಬಳಿಯೋಕ್ ಬಂದ್ರಾ?” ಮುನಿಯಮ್ಮ ಬಾಯಲ್ಲಿ ಹಲ್ಲುಜ್ಜುವ ಬ್ರಶ್ಶಿಟ್ಟುಕೊಂಡೇ ಕೇಳಿದಳು.

“ಸುಮ್ನಿರು. ಇದು ಗಂಡು ಹೂ. ಹಿಂದೆ ಪುಟ್ಟ ಕಾಯಿ ಇರೋದು ಹೆಣ್ಣು. ಇದರ ಪುಡಿ ಅದಕ್ಕೆ ಮುಟ್ಟಿಸ್ಬೇಕು.”

“ಅಯ್ಯೋ ಶಿವನೇ! ತಾವೇ ಮದ್ವೆ ಆಗ್ದೇ ಇರೋರು ಬಂದು ಕುಂಬಳಕ್ಕೆ ಮದ್ವೆ ಮಾಡಿಸ್ತವ್ರೆ!” ಬಾಯಿ ಮುಕ್ಕಳಿಸಿ ಮತ್ತೆ ನಕ್ಕಳು. “ಓಲಗ ಬ್ಯಾಡ್ವಾ? ನಾನ್ ತಟ್ಟೆ ಬಡೀಲಾ?”

ನನಗೂ ನಗು ಬಂತು. ಅವಳ ನಗುವಿಗೆ ಸೇರಿ ನಕ್ಕೆ. ನಾನೇಕೆ ಬಂದೆನೆಂದು ಅವಳು ಕೇಳಲಿಲ್ಲ. ಮೇಲಿನ ಮನೆಯ ಅಮ್ಮನಿಗೆ ಮುದಿ ವಯಸ್ಸಿನಲ್ಲೊಂದು ಹಾಬಿ ಅಂದುಕೊಂಡಿರಬೇಕು ಎಂದು ನಾನಂದುಕೊಂಡೆ. ಹಾಗೆ ಅಂದುಕೊಂಡರೆ ನನಗೆ ಅನುಕೂಲವಾಗುತ್ತಿತ್ತು.

ಒಂದು ಜೇನು ಮಾಡುವ ಕೆಲಸ ಎಷ್ಟು ಕಷ್ಟದ್ದೆಂದು ಆ ಮಳೆಗಾಲ ನನಗೆ ತಿಳಿಯಿತು. ಗಂಡು ಹೂ ಇದ್ದ ದಿನ ಹೆಣ್ಣು ಹೂ ಇರುವುದಿಲ್ಲ. ಎರಡೂ ಇದ್ದ ದಿನ ಮಳೆ ಪುಡಿಯನ್ನು ತೊಳೆದುಬಿಟ್ಟಿರುತ್ತದೆ. ಔಷಧಿ ಬಿದ್ದ ಕಡೆ ಎಲೆ ಸುಟ್ಟು ಬಳ್ಳಿ ಸೊರಗಿತ್ತು, ಹೆಣ್ಣು ಹೂವೇ ಅಪರೂಪ. ಸಂಬಳವಿಲ್ಲದೆ, ಬ್ರಶ್ಶಿಲ್ಲದೆ, ವಿಡಿಯೋ ನೋಡದೆ ಅವು ದಿನಕ್ಕೆ ಸಾವಿರ ಹೂವಿಗೆ ಹೋಗುತ್ತಿದ್ದವು. ನಾನು ಮೂರಕ್ಕೆ ಹೋಗಿ ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಿದ್ದೆ. ಆಗಸ್ಟಿನಲ್ಲಿ ಎರಡು ಕಾಯಿ ನಿಂತವು, ನಿಂಬೆಹಣ್ಣಿನಷ್ಟಾಗಿ ಕೊಳೆತವು. ಮುನಿಯಮ್ಮ ನಗುವುದನ್ನು ಬಿಟ್ಟಿದ್ದಳು. ಆಗಾಗ ಬೆರಳು ಮಡಚಿ ಆಯುಧ ಪೂಜೆಗೆ ಎಷ್ಟು ವಾರ ಎಂದು ಎಣಿಸುತ್ತಿದ್ದಳು.

ಆಗಸ್ಟಿನ ಕೊನೆಯಲ್ಲಿ ಒಂದು ಮಳೆಯಿಲ್ಲದ ಬೆಳಿಗ್ಗೆ, ಶೆಡ್ಡಿನ ಮೂಲೆಯಲ್ಲಿ ಒಂದೇ ಒಂದು ಹೆಣ್ಣು ಹೂ. ಮುನಿಯಮ್ಮ ನನ್ನ ಬ್ರಶ್ಶನ್ನು ಪಕ್ಕಕ್ಕೆ ಸರಿಸಿದಳು. “ಇದೆಲ್ಲ ಬ್ಯಾಡ” ಎಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ನನ್ನ ಕೈಗೆ ಕೊಟ್ಟಳು. “ನೀವೇ ಮಾಡಿ.” ಹೂವನ್ನು ಹೂವಿನೊಳಗೆ ಇಟ್ಟು ತಿರುಗಿಸಿದೆ. ನಾಲ್ಕನೇ ದಿನ ಹೀಚು ಉದುರಿರಲಿಲ್ಲ. ತೊಟ್ಟು ಗಟ್ಟಿಯಾಗಿತ್ತು, ಮೈಮೇಲೆ ಹಸುಗೂಸಿನ ತೋಳಿನ ಹಾಗೆ ನವಿರಾದ ರೋಮ.

“ಕಚ್ತು!” ಅಂದಳು ಮುನಿಯಮ್ಮ. ನಾನು ಕಾನ್ವೆಂಟಿನ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ.

ಆ ಒಂದು ಕಾಯಿಗೆ ನಾವಿಬ್ಬರೂ ಪಟ್ಟ ಪಾಡು! ಗೋಣಿತಾಟಿನ ತೊಟ್ಟಿಲು ಕಟ್ಟಿದೆವು. ಹುಳ ಬೀಳದಂತೆ ನನ್ನ ಹಳೆಯ ಮಲ್ಮಲ್ ದುಪಟ್ಟಾ ಹೊದಿಸಿದೆವು. ದಿನಾ ಹೋಗಿ ಮುಟ್ಟಿ ನೋಡುತ್ತಿದ್ದೆ. “ಬೆರಳ್ ತೋರಿಸ್ಬ್ಯಾಡಿ, ಉದುರೋಯ್ತದೆ” ಎಂದು ಬೈಸಿಕೊಳ್ಳುತ್ತಿದ್ದೆ. ಕಾನ್ವೆಂಟಿನ ಕತೆ, ಕಾಗದ ಓದಿದವರು ಕುರ್ಚಿ ಬಿಟ್ಟು ಏಳಬೇಕೆನ್ನುವ ಸಿಸ್ಟರ್ ಮಾತು, ಎಲ್ಲ ಅವಳಿಗೆ ಹೇಳಿದೆ, ಆ ಒಂದು ಕಾಗದದ ವಿಷಯ ಬಿಟ್ಟು. ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ಅದು ಎರಡು ಕೈಯಲ್ಲಿ ಎತ್ತಬೇಕಾದಷ್ಟು ಬೆಳೆಯಿತು.

ಆಯುಧ ಪೂಜೆಯ ಹಿಂದಿನ ದಿನ ಗೌಡರು ಬಂದರು. ಇಬ್ಬರು ಮಕ್ಕಳು ಗೇಟಿನ ಹತ್ತಿರ ಕಾರಿಗೆ ಒರಗಿ ನಿಂತರು. ಗೌಡರು ದುಪಟ್ಟಾ ಸರಿಸಿ ಕಾಯಿಯ ಮೇಲೆ ಹೆಬ್ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳು ಶುಭ್ರವಾಗಿತ್ತು.

“ಬೂದಿ ಕಟ್ಟಿಲ್ವಲ್ಲ ಮುನಿಯಮ್ಮ.”

“ಕಾಯಿ ಕಾಯೇ ಅಲ್ವಾ ಗೌಡ್ರೆ? ನಿಮ್ ಮಣ್ಣಿಂದೇ.”

“ಎಳೇದು. ಎಳೇ ಕಾಯಿ ಒಡೆಯಂಗಿಲ್ಲ ಕಣಮ್ಮ. ಹಸುಗೂಸನ್ನ ಬಲಿ ಕೊಟ್ಟಂಗಾಯ್ತದೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಗಿದ್ದು. “ಯಾಕ್ ಹಿಂಗಾಯ್ತು? ನಮ್ ತಾತನ ಕಾಲದಿಂದ ಹಿಂಗಾಗಿಲ್ಲ. ಭೂಮೀನೇ ಸಾಕು ಅಂತೈತೋ ಏನೋ.”

ಮುನಿಯಮ್ಮ ದುಪಟ್ಟಾವನ್ನು ಮತ್ತೆ ಕಾಯಿಗೆ ಹೊದಿಸಿದಳು. ನಾನಿದ್ದೆ, ಗೋಡೆಗೆ ಒರಗಿ, ಕೈಯಲ್ಲಿ ಛತ್ರಿ ಹಿಡಿದು. ಭೂಮಿ ಸಾಕು ಅಂದಿಲ್ಲ ಗೌಡರೇ, ನಾನು ಸಾಕು ಅಂದೆ, ಇಂಗ್ಲಿಷಿನಲ್ಲಿ, ಒಂದು ವಾಕ್ಯ ಚೆನ್ನಾಗಿ ಕೇಳಿಸಲಿ ಅಂತ. ಇಷ್ಟೇ ಹೇಳಬೇಕಾಗಿತ್ತು. ಹೇಳಿದ್ದರೆ ಅವರು ಇನ್ನೊಂದು ವರ್ಷ ನೋಡೋಣ ಅನ್ನುತ್ತಿದ್ದರೋ ಏನೋ. ನನ್ನ ಬಾಯಿಂದ ಬಂದದ್ದು, “ವೆದರ್ ಸರಿ ಇರ್ಲಿಲ್ಲ ಗೌಡ್ರೇ, ಈ ವರ್ಷ ವೆದರ್ ವೆರಿ ಬ್ಯಾಡ್.” ಗೌಡರು ಗೌರವದಿಂದ ತಲೆ ಆಡಿಸಿದರು. ಮುನಿಯಮ್ಮ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಗೇಟಿನ ಹತ್ತಿರ ದೊಡ್ಡ ಮಗ ಆಗಲೇ ಯಾರಿಗೋ ಫೋನು ಮಾಡುತ್ತಿದ್ದ.

ಸಾರಕ್ಕಿ ಮಾರ್ಕೆಟ್ಟಿನಿಂದ ಕಾಯಿ ತಂದು ಒಡೆದರು. ಮರುದಿನ ರಸ್ತೆ ತುಂಬ ಕುಂಕುಮ ಮೆತ್ತಿದ ಹೋಳುಗಳು, ಸ್ಕೂಟರಿನವರು ಜಾರಿ ಬೈದುಕೊಂಡು ಹೋಗುತ್ತಿದ್ದರು. ಜಾಗ ಖಾಲಿ ಮಾಡಲು ಮುನಿಯಮ್ಮನಿಗೆ ದೀಪಾವಳಿವರೆಗೆ ಟೈಮು ಸಿಕ್ಕಿತು.

ಈಗ ಅಲ್ಲಿ ಪಾರ್ಕಿಂಗ್. ಕಾರುಗಳ ಮೇಲೆ ಹೊಂಗೆ ಹೂ ಬೀಳುತ್ತದೆ ಎಂದು ಜನ ಕವರು ಹಾಕುತ್ತಾರೆ. ಹೂ ಪ್ರತಿ ವರ್ಷ ಬಿಡುತ್ತದೆ, ಮಂಡಕ್ಕಿ ಚೆಲ್ಲಿದ ಹಾಗೆ ಫುಟ್‌ಪಾತ್ ತುಂಬುತ್ತದೆ. ನಾನು ಆರು ಗಂಟೆಗೆ ಎದ್ದು ಅದರ ಕೆಳಗೆ ನಿಲ್ಲುತ್ತೇನೆ. ಒಂದೆರಡು ಬರುತ್ತವೆ, ಇಲ್ಲವೆಂದಲ್ಲ. ಒಂದೆರಡಕ್ಕೆ ಆ ಸದ್ದು ಬರುವುದಿಲ್ಲ. ಅದಕ್ಕೆ ಇಡೀ ಮರ ಬೇಕು, ಇಡೀ ಕಂಬಳಿ ಬೇಕು. ಗೊಟ್ಟಿಗೆರೆಯಲ್ಲಿ ತಂಗಿಯ ಮಗಳಿದ್ದಾಳೆ ಎಂದು ಮುನಿಯಮ್ಮ ಹೇಳಿದ್ದಳು. ಎರಡು ಸಲ ಆಟೋ ಮಾಡಿಕೊಂಡು ಹೋಗಿ ಅಲ್ಲಿನ ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡು, ಬಳ್ಳಿ ಹುಡುಕಿ ಬಂದಿದ್ದೇನೆ. “ಯಾವ ಅಡ್ರೆಸ್ ಮೇಡಂ?” ಎಂದು ಆಟೋದವರು ಕೇಳಿದರೆ, ಬಳ್ಳಿ ಕಂಡಲ್ಲಿ ನಿಲ್ಲಿಸಿ ಅನ್ನುತ್ತೇನೆ.

ಅವಳನ್ನು ಕೊನೆಯ ಸಲ ನೋಡಿದ್ದು ದೀಪಾವಳಿ ಕಳೆದು ಎರಡನೇ ದಿನ. ಟೆಂಪೋದಲ್ಲಿ ತಗಡು, ಒಂದು ಮಂಚ, ಎರಡು ಡ್ರಮ್ಮು ಏರಿಸಿಯಾಗಿತ್ತು. ಕೆಳಗಿನಿಂದ, “ಅಮ್ಮಾ! ಅಮ್ಮಾವ್ರೇ!” ಎಂದು ಕೂಗಿದಳು. ಇಳಿದು ಹೋದೆ. ಮಗುವನ್ನು ಎತ್ತಿಕೊಂಡ ಹಾಗೆ ಆ ಕಾಯಿಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಬೆಳ್ಳಗೆ ಬೂದಿ ಕಟ್ಟಿತ್ತು. ಅವಳ ಸೀರೆಗೆಲ್ಲ ಮೆತ್ತಿಕೊಂಡಿತ್ತು.

“ಈಗ್ ಕಟ್ತು ನೋಡಿ. ಲೇಟ್ ಆಯ್ತು, ಅಷ್ಟೇಯ” ಎಂದು ನನ್ನ ಕೈಗೆ ಹಾಕಿದಳು. “ಮಜ್ಜಿಗೆಹುಳಿ ಮಾಡ್ಕಳಿ.”

ಏನಾದರೂ ಹೇಳಲೇಬೇಕಾಗಿತ್ತು. “ಮುನಿಯಮ್ಮ, ನಿಮ್ಮ ಹತ್ರ ನಾನೊಂದು ಮಾತು…” ಎಂದೆ. ಆ ದಿನ ಅದು ಹೇಗೋ ‘ನಿಮ್ಮ’ ಎಂದು ಬಂತು.

“ಗೊತ್ತಮ್ಮ” ಅಂದಳು. “ಕಾಗದ ಬರ್ದಿದ್ ನೀವಂತೆ. ಗುಡಿಸೋಳು ಜೇನ್ ಗುಡಿಸಿದ್ಲಲ್ಲ, ಅವತ್ತೇ ಹೇಳಿದ್ಲು.”

ಅವತ್ತೇ. ಅಂದರೆ ಬ್ರಶ್ಶು ಹಿಡಿದು ನಾನು ಬಂದ ದಿನಗಳಲ್ಲೆಲ್ಲ ಅವಳಿಗೆ ಗೊತ್ತಿತ್ತು. ವೆದರ್ ಬ್ಯಾಡ್ ಅಂದಾಗಲೂ ಗೊತ್ತಿತ್ತು.

ಅವಳು ಟೆಂಪೋ ಹತ್ತಿ ಡ್ರೈವರಿನ ಪಕ್ಕ ಕೂತಳು. ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ನಿಮ್ ಇಂಗ್ಲೀಸು ಓದುದ್ರೆ ಯಾರಾದ್ರೂ ಎದ್ ಬರ್ತಾರಂತಲ್ಲ. ಇನ್ನೊಂದ್ ಕಾಗದ ಬರೀರಿ ಅಮ್ಮಾ. ಜೇನಿಗೆ. ಬನ್ನಿ ಅಂತ.”

“ಯಾವ ಅಡ್ರೆಸ್ಸಿಗೆ ಬರೀಲಿ?” ಅಂದೆ. 

“ನನ್ನೇನ್ ಕೇಳ್ತೀರಾ?” ಮುನಿಯಮ್ಮ ನಕ್ಕಳು. ಅವತ್ತು ಬಾಯಲ್ಲಿ ಬ್ರಶ್ಶಿಟ್ಟುಕೊಂಡು ನಕ್ಕಳಲ್ಲ, ಅದೇ ನಗು. “ಓಡಿಸಿದೋರು ನೀವು.”

ಟೆಂಪೋ ಹೊರಟಿತು. ತಗಡುಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು ಸಾರಕ್ಕಿ ಸಿಗ್ನಲ್ಲಿನವರೆಗೂ ಕೇಳಿಸಿತು. ನಾನು ಎರಡೂ ಕೈಯಲ್ಲಿ ಕಾಯಿ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದೆ. ಟಾಟಾ ಮಾಡಲು ಕೈ ಬಿಡುವಿರಲಿಲ್ಲ.